ತಣ್ಣಗಾಗದ ಖೋಲಿ

“ಇಪ್ಪತ್ತು ನಿಮಿಷದಾಗ ಖೋಲಿ ತಣ್ಣಗಾಗ್ತದ ಅಂತ ಹೇಳಿದ್ರಿ. ಎರಡು ತಾಸಾಯ್ತು!”

ಅವಳು ಎಸಿ ರಿಪೇರಿಯವನ ಮೇಲೆ ಹರಿಹಾಯ್ದಳು. ತೊಟ್ಟಿಲಲ್ಲಿದ್ದ ಕೂಸು ಅಳುವುದನ್ನೂ ಬಿಟ್ಟಿತ್ತು. ಹಣೆಗೆ ಹಾಕಿದ ಒದ್ದೆ ಬಟ್ಟೆ ಗಳಿಗೆಯೊಳಗೆ ಬಿಸಿಯಾಗುತ್ತಿತ್ತು.

ಅವನು ಕಿಟಕಿ ತೆರೆದು ಕೈ ಹೊರಗೆ ಚಾಚಿ ಥಟ್ಟನೆ ಹಿಂದಕ್ಕೆಳೆದುಕೊಂಡ.

“ನಿಮ್ಮ ಎಸಿ ಛಲೋನೇ ಅದರಿ ಅಕ್ಕೋರೆ. ಎದುರು ಮನಿ ಎಸಿದು ಬಿಸಿಗಾಳಿ ಸೀದಾ ನಿಮ್ಮ ಹೊರಗಿನ ಮಷಿನ್ ಮ್ಯಾಲೆ ಹೊಡೀಲಕತ್ತದ. ಓಣಿ ಇಷ್ಟು ಸಣ್ಣದು, ಗಾಳಿ ಎಲ್ಲಿಗಿ ಹೋಗ್ಬೇಕು? ಅದು ಬಂದ್ ಆಗೋತನಕ ನಿಮ್ಮ ಖೋಲಿ ತಣ್ಣಗಾಗಲ್ರಿ.”

ಕೂಸನ್ನು ಅತ್ತೆಗೆ ಒಪ್ಪಿಸಿದವಳೇ ಚಪ್ಪಲಿಯನ್ನೂ ಮೆಟ್ಟದೆ, ಕಾದ ಫರಸಿಕಲ್ಲಿನ ಮೇಲೆ ಓಡಿ ಎದುರು ಮನೆಯ ಬಾಗಿಲು ಬಡಿದಳು. ಜಗಳ ತೆಗೆಯಬೇಕೋ ಕಾಲು ಹಿಡಿಯಬೇಕೋ ಅವಳಿಗಿನ್ನೂ ತಿಳಿದಿರಲಿಲ್ಲ.

ಬಾಗಿಲು ತೆರೆದವಳ ಕೈಯಲ್ಲೂ ಒದ್ದೆ ಬಟ್ಟೆಯಿತ್ತು. ಒಳಗೆ ಮಂಚದ ಮೇಲೆ ಮುದುಕನೊಬ್ಬ ಉಸಿರಿಗಾಗಿ ಒದ್ದಾಡುತ್ತಿದ್ದ.

“ಅಕ್ಕಾ, ನಾನೇ ನಿಮ್ಮ ಮನಿಗಿ ಬರ್ಲಕತ್ತಿದ್ದೆ,” ಎಂದು ಆ ಮನೆಯವಳು ಎರಡೂ ಕೈ ಜೋಡಿಸಿದಳು. “ನಿಮ್ಮ ಎಸಿ ಒಂದು ತಾಸು ಬಂದ್ ಮಾಡ್ತೀರೇನ್ರಿ?”