ಎರಡು ದಿನದ ಬ್ಯಾಗು

“ಹೊಸ ಚಪ್ಪಲಿ ಬೇಡ ಕಣೇ. ಮೊದಲನೇ ದಿನವೇ ಯಾರೋ ಮೆಟ್ಕೊಂಡು ಹೋಗ್ತಾರೆ,” ಎನ್ನುತ್ತಾ ಖುರ್ಷಿದ್ ಬೇಗಂ ಯಶೋದಾಳ ಹೊಸ ಚಪ್ಪಲಿಯನ್ನು ಬ್ಯಾಗಿನಿಂದ ತೆಗೆದು ಬಾಗಿಲ ಮೂಲೆಗೆ ಹಾಕಿದಳು. ಕಡೂರಿನ ಆ ಬೀದಿಯಲ್ಲಿ ಯಾರಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರೂ ಬ್ಯಾಗು ತುಂಬಿಸಲು ಇವಳೇ ಬರಬೇಕು. ಗಂಡ ದಾವೂದ್ ಸಾಬರನ್ನು ಕರೆದುಕೊಂಡು ಮೂರು ವರ್ಷ ಅಲ್ಲಿಗೆ ಅಲೆದವಳು. ಕೈಯಲ್ಲಿ ಕಾಸಿಲ್ಲದೆ ಆ ಊರಲ್ಲಿ ಹೇಗೆ ಇದ್ದು ಬರಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಗೊತ್ತಿರುವುದೇ ಒಂದು ಶನಿಯಾಗಿತ್ತು. ಈ ವರ್ಷ ಇದು ನಾಲ್ಕನೇ ಬ್ಯಾಗು.

“ಬಸ್ಸಲ್ಲಿ ನಿಂಗೊಬ್ಬಳಿಗೇ ಫ್ರೀ, ಅವರಿಗಿಲ್ಲ. ರೈಲಿನ ಜನರಲ್ ಬೋಗಿನೇ ವಾಸಿ. ಹಗ್ಗ ಇಡು, ಬಟ್ಟೆ ಒಣಗಿಸೋಕೂ ಆಯ್ತು, ಮಲಗೋವಾಗ ಬ್ಯಾಗನ್ನ ಕಾಲಿಗೆ ಕಟ್ಕೊಳ್ಳೋಕೂ ಆಯ್ತು. ಪ್ಲಾಸ್ಟಿಕ್ ಶೀಟು, ಅದರ ಮೇಲೆ ಚಾಪೆ. ಹುರಿಹಿಟ್ಟು ಒಂದೆರಡು ಸೇರು. ರೇಷನ್ ಕಾರ್ಡಿನ ಜೆರಾಕ್ಸು ಹತ್ತಾದ್ರೂ ಇರಲಿ. ಮನೇಲಿ ಉದ್ದ ವೈರಿನ ಸ್ವಿಚ್ ಬಾಕ್ಸ್ ಇದ್ಯಾ? ಅಲ್ಲಿ ಇರೋದು ಒಂದೇ ಪ್ಲಗ್ಗು, ಮೊಬೈಲು ನಲವತ್ತು. ಬಾಕ್ಸ್ ಇರೋಳ ಜಾಗವನ್ನ ಎಲ್ರೂ ಕಾಯ್ತಾರೆ.”

ಯಶೋದಾ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ಅವಳು ನಿದ್ದೆ ಮಾಡಿ ಎಂಟು ದಿನವಾಗಿತ್ತು. ಗಂಡ ಬಸವೇಶನ ಗಂಟಲಲ್ಲಿರುವುದು ಕ್ಯಾನ್ಸರ್ ಎಂದು ಡಾಕ್ಟರು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು. ಅವಳು ಗಂಡನಿಗೆ, “ಹುಣ್ಣು ಕಣ್ರೀ, ಒಂದು ಸ್ಕ್ಯಾನು, ಎರಡು ದಿನ,” ಅಂದಿದ್ದಳು. ನಿಜ ಹೇಳುವ ಹಾಗೇ ಇರಲಿಲ್ಲ. ಅದೇ ಕಾಯಿಲೆಯಲ್ಲಿ ಹೋದ ಅಣ್ಣನನ್ನು ಮಣ್ಣು ಮಾಡಿ ಬಂದ ದಿನ ಅವನು ಹೇಳಿದ್ದ: “ನಂಗೇನಾರ ಇದು ಬಂದ್ರೆ ಯಾವ ಆಸ್ಪತ್ರೆಗೂ ಕಾಲಿಡಲ್ಲ. ಇಲ್ಲೇ ಸಾಯ್ತೀನಿ.” ಹೇಳಿದ್ದನ್ನು ಮಾಡುವ ಆಸಾಮಿ. ನಾಳೆ ಬೆಳಿಗ್ಗೆ ಅವನು ರೈಲು ಹತ್ತಿದರೆ ಸಾಕಾಗಿತ್ತು ಅವಳಿಗೆ. ಅರಸೀಕೆರೆ ದಾಟಲಿ, ತಿಪಟೂರು ದಾಟಲಿ, ಆಮೇಲೆ ಹೇಗೋ ಹೇಳಿದರಾಯಿತು. ಅವನಿಗಿನ್ನೂ ತಿಳಿದಿಲ್ಲ ಅನ್ನುವ ಮಾತನ್ನು ಖುರ್ಷಿದಕ್ಕನ ಕಿವಿಗೆ ಹಾಕಬೇಕಿತ್ತು. ದಣಿದ ತಲೆ, ಮರೆತೇಬಿಟ್ಟಿತ್ತು.

ಅಷ್ಟರಲ್ಲಿ ಬಸವೇಶ ಬಂದ. ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಮಾಲಿ. ಬೆಂಗಳೂರಿಗೆ ಹೊರಡುವ ಹಿಂದಿನ ದಿನವೂ ಸಂಜೆಯವರೆಗೆ ಮೂಟೆ ಹೊತ್ತು ಬಂದಿದ್ದ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಬ್ಯಾಗಿನೊಳಗೆ ಇಣುಕಿದ.

“ಏನಕ್ಕಾ, ಎರಡು ದಿನಕ್ಕೆ ಮನೆನೇ ಖಾಲಿ ಮಾಡಿಸ್ತಿದ್ದೀರಲ್ಲ! ಕುಕ್ಕರ್ ಬೇರೆ!” ದನಿ ಗೊಗ್ಗರಾಗಿತ್ತು.

“ಯಾರಪ್ಪಾ ಹೇಳಿದ್ದು ಎರಡು ದಿನ ಅಂತ?” ಖುರ್ಷಿದ್ ಬೇಗಂ ಉಣ್ಣೆ ಟೋಪಿಯೊಂದನ್ನು ಮಡಚುತ್ತಾ ತಲೆ ಎತ್ತದೆಯೇ ಅಂದಳು. “ಮೊದಲನೇ ಸಲ ಒಂದೂವರೆ ತಿಂಗಳಾದ್ರೂ ಬಿಡಲ್ಲ ಅಲ್ಲಿ. ಈ ಟೋಪಿ ನಮ್ಮೋರದು, ಒಗೆದು ತಂದಿದೀನಿ. ಕೀಮೋಗೆ ಕೂದ್ಲೆಲ್ಲ ಉದುರಿದ್ಮೇಲೆ ಬೇಸಿಗೇಲೂ ತಲೆಗೆ ಚಳಿ ಆಗುತ್ತೆ ಬಸವೇಶಣ್ಣ.”

ಯಶೋದಾ ಅವಳ ಮೊಣಕೈ ಹಿಡಿದು ಜಗ್ಗಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಖುರ್ಷಿದ್ ಬೇಗಂ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದಳು. “ಯಾ ಅಲ್ಲಾ! ಇವರಿಗೆ ಹೇಳಿಲ್ವೇನೇ?”

ಬಸವೇಶ ಗೋಡೆಗೊರಗಿ ಕೂತ. “ಅಣ್ಣಂಗೆ ಬಂದಿತ್ತಲ್ಲ, ಅದೇನಾ?”

“ಬೇಕಂತಲೇ ಮುಚ್ಚಿಟ್ಟೆ ಕಣ್ರೀ,” ಯಶೋದಾಳಿಗೆ ಅಳು ಒತ್ತರಿಸಿ ಬಂತು. “ಹೇಳಿದ್ರೆ ನೀವು ಬರ್ತಿರಲಿಲ್ಲ. ಎಷ್ಟು ಬೇಕಾದ್ರೂ ಬೈರಿ, ನಾಳೆ ರೈಲು ಮಾತ್ರ ಹತ್ರಿ. ನಂಗೂ ಸಾಕಾಗೋಗಿದೆ.”

“ಹೋಗಿ ಏನಾಗ್ಬೇಕು? ಅಣ್ಣನೂ ಹೋಗಿದ್ದ.”

“ನಿಮ್ಮಣ್ಣ ಹೋಗಿದ್ದು ಗಂಟಲಲ್ಲಿ ನೀರಿಳಿಯೋದು ನಿಂತ ಮೇಲೆ!” ಖುರ್ಷಿದ್ ಬೇಗಂಗೆ ರೇಗಿಹೋಯಿತು, ಅವನ ಮೇಲೂ, ತನ್ನ ನಾಲಿಗೆಯ ಮೇಲೂ. “ನಮ್ಮೋರು ಬೇಗನೇ ಆಸ್ಪತ್ರೆಗೆ ಹೋದ್ರು. ದನಿ ಹೋಯ್ತು, ಮೈಯಲ್ಲಿ ಅರ್ಧ ಹೋಯ್ತು. ಆದ್ರೆ ಈಗ್ಲೂ ಕೂತ್ಕೊಂಡು ಅಂಗಿಗೆ ಕಾಜಾ ಹಾಕ್ತಾರೆ, ಟೀ ತಡ ಆದ್ರೆ ಲೋಟ ಕುಟ್ಟಿ ಜಗಳ ತೆಗೀತಾರೆ. ನಂಗೆ ಸುಳ್ಳು ಹೇಳೋಕೆ ಬರಲ್ಲಣ್ಣ. ಹೋದ ಮನುಷ್ಯ ಹೋದ ಹಾಗೇ ವಾಪಸ್ ಬರಲ್ಲ. ಆದ್ರೆ ಬರ್ತಾನೆ.”

ಹೊರಗೆ ಯಾರೋ ನಲ್ಲಿ ನೀರಿಗೆ ಜಗಳವಾಡುತ್ತಿದ್ದರು.

ಕೊನೆಗೆ ಬಸವೇಶ ಬ್ಯಾಗನ್ನು ತನ್ನ ಕಡೆ ಎಳೆದುಕೊಂಡ. ಚಾಪೆ ತೆಗೆದು ಹೊರಗಿಟ್ಟ. ಹುರಿಹಿಟ್ಟು, ಹಗ್ಗ, ಕುಕ್ಕರ್, ಸೀರೆ, ಒಂದೊಂದೇ ತೆಗೆದು ನೆಲದ ಮೇಲಿಟ್ಟ. ಬ್ಯಾಗು ಬರಿದಾಯಿತು. ಮುಗೀತು, ಇನ್ನು ಇವರು ಬರುವುದಿಲ್ಲ ಎಂದುಕೊಂಡಳು ಯಶೋದಾ. ತಡೆಯೋಣವೆಂದರೆ ಎದ್ದು ನಿಲ್ಲುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಅವನು ಕುಕ್ಕರನ್ನು ಎತ್ತಿ ಬ್ಯಾಗಿನ ತಳಕ್ಕೆ ಇಟ್ಟ. ಅದರ ಪಕ್ಕಕ್ಕೆ ಹುರಿಹಿಟ್ಟು. ಬೆನ್ನಿಗೆ ತಾಗುವ ಕಡೆ ಸೀರೆ ಮಡಚಿ ತುರುಕಿದ. ಹಗ್ಗ, ಚಾಪೆ, ಕೊನೆಗೆ ಟೋಪಿಯನ್ನೂ ಹಾಕಿ ಜಿಪ್ ಎಳೆದ.

“ಏಳು,” ಅಂದ.

ಯಶೋದಾ ಗೋಡೆ ಹಿಡಿದು ಎದ್ದಳು. ಅವನು ಬ್ಯಾಗನ್ನು ಅವಳ ಹೆಗಲಿಗೆ ಹಾಕಿ, ಅದರ ಪಟ್ಟಿಯನ್ನು ಅವಳ ಎತ್ತರಕ್ಕೆ ಸರಿಯಾಗಿ ಗಿಡ್ಡ ಮಾಡತೊಡಗಿದ.

“ಇದ್ಯಾಕ್ರೀ? ಬ್ಯಾಗು ಹೊರೋದು ನೀವಲ್ವಾ?”

“ಹೋಗೋವಾಗ ನಾನೇ ಹೊರ್ತೀನಿ ಕಣೇ. ಬರೋವಾಗ ನೀನೇ ತಾನೆ?” ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡುತ್ತಾ ಅವನು ಕೇಳಿದ. “ಹೇಳು, ಭುಜಕ್ಕೆ ಒತ್ತುತ್ತಾ?”