ಮೊದಲ ಸಲ ಕೇಳಿಸಿದ ಹಾಗೆ

ಸಂಗೀತಾ ಮಗಳು ಮೇಘಶ್ರೀಯ ಎರಡನೇ ಜಡೆ ಹೆಣೆಯುತ್ತಿದ್ದಾಗಲೇ ಟ್ರಸ್ಟಿನ ಪ್ರಕೃತಿ ಬಾಗಿಲು ತಟ್ಟಿದಳು. ಹೋದ ತಿಂಗಳು ಅವಳಿಗೆ ಶ್ರವಣಯಂತ್ರ ಕೊಡಿಸಿದವಳು ಪ್ರಕೃತಿಯೇ. ಇವತ್ತು ಜೊತೆಯಲ್ಲಿ ಟಿವಿ ಶೋನ ಚಿದಾನಂದ್ ಕೂಡ ಬಂದಿದ್ದ.

"ಕಿವಿ ಮೆಷೀನ್ ಬಿಚ್ಚಿ ಕೊಡಿ ಅಕ್ಕ. ಸಂಜೆ ಜೆಪಿ ನಗರದ ಸ್ಟೇಜ್ ಮೇಲೆ ನಮ್ಮ ಶೋ ನಡೆಸೋ ಹೀರೋನೇ ಹಾಕ್ತಾರೆ, ಮೊದಲನೇ ಸಲ ಕೇಳಿಸ್ದಂಗೆ. ಪುಟ್ಟಿ ಸ್ವಲ್ಪ ಅತ್ತುಬಿಟ್ರೆ ಸಖತ್ತಾಗಿರುತ್ತೆ," ಅಂದ ಅವನು. "ಜಡೆ ಬೇಡ, ಕೂದಲು ಕೆದರಿರ್ಲಿ."

"ನಿಜವಾಗ್ಲೂ ಮೊದಲ ಸಲ ಕೇಳಿಸ್ದಾಗ ಇವಳು ನಕ್ಕಿದ್ಲು, ಸಾರ್."

"ನಗು ಓಡಲ್ಲ, ಅಕ್ಕ."

"ಜನ ನೋಡಿದ್ರೆ ಇನ್ನೂ ಎಷ್ಟೋ ಮಕ್ಕಳಿಗೆ ಮೆಷೀನ್ ಸಿಗುತ್ತೆ," ಅಂದಳು ಪ್ರಕೃತಿ, ನೆಲ ನೋಡುತ್ತಾ. "ಇದೂ ಸಂಜೆ ವಾಪಸ್ ಬರುತ್ತೆ."

ಅದು ಸುಳ್ಳಿರಲಾರದು. ಆದರೆ ಚಿದಾನಂದ್ ಆಗಲೇ ಕೈ ಚಾಚಿಬಿಟ್ಟಿದ್ದ. ಸಂಗೀತಾಳ ಬೆರಳುಗಳು ಅರ್ಧ ಹೆಣೆದ ಜಡೆಯಲ್ಲೇ ನಿಂತವು. ಕೇಳಬೇಕಾದ ಮಾತೊಂದಿತ್ತು; ಕೊಟ್ಟವರನ್ನೇ ಅದನ್ನು ಕೇಳುವುದು ಹೇಗೆ?

ಮೇಘಶ್ರೀ ಅಂಗೈಯಿಂದ ಕಿವಿಯನ್ನು ಮುಚ್ಚಿ ಹಿಡಿದುಕೊಂಡು ಅವನನ್ನೇ ನೋಡಿದಳು.

"ಅಂಕಲ್, ನಂಗೆ ಅಳು ಬರ್ಲಿಲ್ಲ ಅಂದ್ರೆ ಇದನ್ನ ವಾಪಸ್ ಕೊಡಲ್ವಾ?"