ಮೂಲಾ ನಕ್ಷತ್ರದ ಅತ್ತೆ

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂದರೆ ಈಗಲೂ ವಿಲೆ ಪಾರ್ಲೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಂಗಿ ಸುಮತಿ ಅತ್ತೆಯನ್ನು ನೋಡಲು ಗಂಡಿನವರು ಬರುವವರಿದ್ದರು. ಅತ್ತೆಯದು ಮೂಲಾ ನಕ್ಷತ್ರ. ಅಂಥ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂಬ ಮಾತಿಗೆ ಹೆದರಿ ಹಿಂದೆಯೂ ಸಂಬಂಧಗಳು ತಪ್ಪಿದ್ದವು. ಅಜ್ಜಿ ಶೀರಾ ಮಗುಚುತ್ತಾ, "ಕೇಳಿದ್ರೆ ಪೂರ್ವಾಷಾಢ ಅಂತ ಹೇಳು ಮಾರಾಯ್ತಿ. ಹೇಗೂ ಪಕ್ಕದ ನಕ್ಷತ್ರವೇ ಅಲ್ವಾ?" ಎಂದು ಬೇಡಿಕೊಂಡಳು.

ಗಂಡಿನ ತಂದೆ ಕೂರುತ್ತಲೇ ನಕ್ಷತ್ರ ಕೇಳಿದರು.

"ಮೂಲಾ," ಎಂದಳು ಅತ್ತೆ. "ನಿಮಗೆ ಹೆದರಿಕೆ ಉಂಟಾ?"

ಸೆರಗು ಹಿಡಿದು ನಿಂತಿದ್ದ ನನಗೆ ಅವಳ ನಡುಕ ತಿಳಿಯುತ್ತಿತ್ತು. ದನಿಯಲ್ಲಿ ಮಾತ್ರ ಅದಿರಲಿಲ್ಲ.

ಅವರು ತಟ್ಟೆ ಮುಟ್ಟದೆ ಎದ್ದು ಹೋದರು. ಅಜ್ಜಿ ಅಳುತ್ತಾ ಬಾಗಿಲು ಹಾಕಲು ಹೋದಳು. ಅತ್ತೆ ತಡೆದು, ಮೆಟ್ಟಿಲು ಇಳಿಯುತ್ತಿದ್ದವರಿಗೂ ಕೇಳುವಂತೆ, "ಇನ್ನು ಯಾರು ಬಂದ್ರೂ ಮೊದಲೇ ಮೂಲಾ ಅಂತ ಹೇಳಮ್ಮ. ಹೆದರುವವರು ಬರುವುದೇ ಬೇಡ" ಎಂದಳು.